ನೀಲಿ ಕಡೆಗೆ ಮಲಗಿಸಿದ ಹೊಲಿಗೆ

ಕುಂಬಾರಕೊಪ್ಪಲು, ಮೈಸೂರು
16 ಜೂನ್ 2024

ಸೊಸೆ ಐಶ್ವರ್ಯಳಿಗೆ ಮಾವ ಸಿದ್ದಲಿಂಗಸ್ವಾಮಿಯ ಆಶೀರ್ವಾದ.

ನಾನು ಕಾಗದ ಬರೆದು ಬಹಳ ವರ್ಷ ಆಯಿತು. ಕೊನೆಯ ಕಾಗದ ಬರೆದದ್ದು ನಿನ್ನ ಅತ್ತೆಗೆ, ಮದುವೆಗೆ ಮುಂಚೆ. ಅದಕ್ಕೆ ಅವಳು ಉತ್ತರವನ್ನೇ ಬರೆಯಲಿಲ್ಲ, ನೇರವಾಗಿ ಛತ್ರಕ್ಕೇ ಬಂದಳು. ಹಾಗಾಗಿ ನನ್ನ ಕಾಗದಕ್ಕೆ ಉತ್ತರ ಹೇಗೆ ಬರುತ್ತದೆ ಅಂತ ನನಗೇ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಚಾಕ್‌ಪೀಸಿನಲ್ಲಿ ಬಟ್ಟೆ ಮೇಲೆ ಗೆರೆ ಎಳೆದು ರೂಢಿ. ಅಕ್ಷರ ವಾಲಿದ್ದರೆ ಕತ್ತು ವಾಲಿಸಿಕೊಂಡು ಓದಿಕೋ.

ನಿನ್ನ ವಿಳಾಸವನ್ನು ಇಲವಾಲಕ್ಕೆ ಹೋಗಿ ನಿಮ್ಮ ಅವ್ವನ ಹತ್ತಿರ ಈಸಿಕೊಂಡೆ. ಮೊದಲನೇ ಸಲ ಕಾಫಿ ಕೊಟ್ಟರು, ವಿಳಾಸ ಕೊಡಲಿಲ್ಲ. ತಪ್ಪು ಅವರದಲ್ಲ. ನನ್ನ ಮಗ ಶಿವಶಂಕರ ನಿಮ್ಮ ಅವ್ವನ ಮನೆ ಮುಂದೆ ಹೋಗಿ ಮಾಡಿದ ಗಲಾಟೆ ಬೀದಿಗೆಲ್ಲ ಗೊತ್ತು. ಎರಡನೇ ಸಲ ಹೋದಾಗ, ಮಗನಿಗೆ ಹೇಳುವುದಿಲ್ಲ ಅಂತ ದೇವರ ಮನೆ ಮುಂದೆ ನಿಂತು ಆಣೆ ಮಾಡಿದ ಮೇಲೆ ಚೀಟಿ ಕೈಗೆ ಬಂತು. ನಿನ್ನ ಹೊಸ ಫೋನ್ ನಂಬರು ನಾನು ಕೇಳಲಿಲ್ಲ. ನನ್ನ ಫೋನನ್ನು ಅವನು ತೆಗೆದು ತೆಗೆದು ನೋಡುತ್ತಾನೆ. ನೀನು ಬರೆಯುವುದಾದರೆ ಅಂಗಡಿ ವಿಳಾಸಕ್ಕೆ ಬರಿ.

ವಿಷಯ ಏನೆಂದರೆ, ನೀನು ನಿನ್ನ ಅತ್ತೆಗೆ ಅಂತ ಶುರು ಮಾಡಿದ ಕೌದಿ ಅರ್ಧಕ್ಕೆ ನಿಂತಿದೆ. ಸ್ಕೂಲ್ ಯೂನಿಫಾರಂ ಹೊಲಿದು ಉಳಿದ ಬಿಳಿ ತುಂಡು, ನೀಲಿ ತುಂಡು ಎಲ್ಲ ನೀನೇ ಚೌಕ ಚೌಕ ಕತ್ತರಿಸಿ ಇಟ್ಟಿದ್ದೀಯ. ಒಂದು ಬಿಳಿ, ಒಂದು ನೀಲಿ ಅಂತ ನಾನು ಸಾಲು ಜೋಡಿಸಿದೆ. ಹೊಲಿಗೆ ಹಾಕುವುದು ನನಗೆ ಗೊತ್ತು. ಆದರೆ ಸಾಲಿಗೆ ಸಾಲು ಸೇರಿಸುವಾಗ ಮೂಲೆಗಳು ಒಂದನ್ನೊಂದು ನೋಡುವುದೇ ಇಲ್ಲ. ಬಿಳಿ ಒಂದು ಕಡೆ ಹೋದರೆ ನೀಲಿ ಇನ್ನೊಂದು ಕಡೆ. ಅಂಗಡಿ ಮುಂದೆ ಹೂವು ಮಾರುವ ಚಲುವಮ್ಮ ನೋಡಿ, ಕುಡಿದು ಹೊಲಿದೆಯಾ ಅಂತ ಕೇಳಿದಳು. ಹಣೆಯ ವಿಭೂತಿ ತೋರಿಸಿದೆ. ಹಾಗಾದರೆ ಹೊಲಿದ ಮಿಷನ್ನೇ ಕುಡಿದಿರಬೇಕು ಅಂದಳು.

ನೀನು ಪ್ರತಿ ಹೊಲಿಗೆ ಆದ ಮೇಲೂ ಇಸ್ತ್ರಿ ಪೆಟ್ಟಿಗೆ ಹಿಡಿದು ಏನೋ ಮಾಡುತ್ತಿದ್ದೆ. ನಾನು ಪ್ಯಾಂಟಿನ ಕಡೆ ಮುಖ ಹಾಕಿಕೊಂಡು ಕೂತು ನೋಡಲೇ ಇಲ್ಲ. ಆ ಒತ್ತುವುದು ಹೇಗೆ ಅಂತ ಬರಿ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಶಿವಶಂಕರ ಚೆನ್ನಾಗಿದ್ದಾನೆ. ನೀನು ಕೇಳಲಿಲ್ಲ, ನಾನೇ ಹೇಳಿದೆ.

ಇಂತಿ,
ಮೂಲೆ ಕೂಡದ ನಿನ್ನ ಮಾವ
ಸಿದ್ದಲಿಂಗಸ್ವಾಮಿ


ಹಾಸನ
30 ಜೂನ್ 2024

ಮಾವನವರಿಗೆ ಐಶ್ವರ್ಯಳ ಶರಣು.

ಕಾಗದ ತಲುಪಿತು. ನಾನು ಇಲ್ಲಿ ಬಟ್ಟೆ ಫ್ಯಾಕ್ಟರಿಯಲ್ಲಿ ಇಸ್ತ್ರಿ ಟೇಬಲ್ಲಿನ ಮೇಲಿದ್ದೇನೆ. ಹಬೆ ಪೆಟ್ಟಿಗೆ. ಹೆಂಗಸರ ಹಾಸ್ಟೆಲಿನಲ್ಲಿ ಇದ್ದೇನೆ. ಊಟ ಪರವಾಗಿಲ್ಲ.

ಒತ್ತುವುದು ಹೀಗೆ. ನೀವು ಪೆಟ್ಟಿಗೆಯನ್ನು ಎಳೆಯುತ್ತಿದ್ದೀರಿ, ಪ್ಯಾಂಟಿಗೆ ಎಳೆದ ಹಾಗೆ. ಎಳೆಯಬಾರದು. ಎಳೆದರೆ ಚೌಕದ ಬಟ್ಟೆ ಹಿಗ್ಗಿ ಸೊಟ್ಟಗಾಗುತ್ತದೆ, ಮೂಲೆ ತಪ್ಪುವುದು ಅದಕ್ಕೇ. ಪೆಟ್ಟಿಗೆ ಇಡಿ, ಎತ್ತಿ. ಪಕ್ಕಕ್ಕೆ ಇಡಿ, ಎತ್ತಿ. ಮೊದಲು ಹೊಲಿಗೆಯನ್ನು ಮಡಚಿದ್ದ ಹಾಗೆಯೇ ಒಂದು ಸಲ ಒತ್ತಿ, ನೂಲು ಬಟ್ಟೆಯೊಳಗೆ ಕೂರಲಿ. ಆಮೇಲೆ ಬಿಚ್ಚಿ, ಒಳಗಿನ ಅಂಚು ಎರಡನ್ನೂ ಸೇರಿಸಿ ನೀಲಿ ಕಡೆಗೆ ಮಲಗಿಸಿ ಒತ್ತಿ. ಯಾವಾಗಲೂ ನೀಲಿ ಕಡೆಗೆ. ಹಾಗೆ ಮಾಡಿದರೆ ಮೇಲಿನ ಸಾಲಿನ ಅಂಚು ಒಂದು ಕಡೆ ಮಲಗಿರುತ್ತದೆ, ಕೆಳಗಿನ ಸಾಲಿನದು ಇನ್ನೊಂದು ಕಡೆ. ಸಾಲು ಸೇರಿಸುವಾಗ ಎರಡೂ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಬೆರಳಿಗೆ ಗೊತ್ತಾಗುತ್ತದೆ.

ನೀಲಿ ಬಟ್ಟೆ ಟೆರಿಕಾಟ್. ಬಿಸಿ ಹೆಚ್ಚಾದರೆ ಹೊಳೆಯುತ್ತದೆ. ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳಿ. ಆರಿದ ಮೇಲೆ ಎತ್ತಿ.

ಅತ್ತೆಯವರ ಮಂಡಿ ನೋವು ಹೇಗಿದೆ?

ಐಶ್ವರ್ಯ


ಕುಂಬಾರಕೊಪ್ಪಲು
21 ಜುಲೈ 2024

ಐಶುಗೆ ಮಾವನ ಆಶೀರ್ವಾದ.

ನಿನ್ನ ಕಾಗದವನ್ನು ಮಿಷನ್ ಪಕ್ಕದ ಗೋಡೆಗೆ ಅಂಟಿಸೋಣ ಅಂದುಕೊಂಡೆ, ಆಮೇಲೆ ಶಿವು ನೋಡಿಬಿಟ್ಟರೆ ಅಂತ ಬಟನ್ ಡಬ್ಬದೊಳಗೆ ಇಟ್ಟಿದ್ದೇನೆ. ಈಗ ಬಟನ್ ಬೇಕಾದಾಗಲೆಲ್ಲ ಓದುತ್ತೇನೆ. ಗಿರಾಕಿಗಳು ಒಂದು ಬಟನ್ನಿಗೆ ಇಷ್ಟು ಹೊತ್ತಾ ಅಂತ ಕೇಳುತ್ತಾರೆ.

ಇಡಿ, ಎತ್ತಿ ಅಂದೆಯಲ್ಲ, ಬಂತು. ಹೆಂಗಸರು ಕಾವಲಿ ಮೇಲೆ ರೊಟ್ಟಿ ತಟ್ಟಿ ಕೈ ಎತ್ತಿಕೊಳ್ಳುವ ಹಾಗೆ ಮಾಡುತ್ತೇನೆ. ಆದರೆ ಆ ನೀಲಿ ಕಡೆಗೆ ಮಲಗಿಸುವುದು ಮಾತ್ರ ನನ್ನ ಕೈಗೆ ಒಗ್ಗುತ್ತಿಲ್ಲ. ನಲವತ್ತು ವರ್ಷದಿಂದ ಪ್ಯಾಂಟಿನ ಹೊಲಿಗೆಯನ್ನು ಬಿಡಿಸಿ, ಒಂದು ಅಂಚು ಆ ಕಡೆ, ಒಂದು ಅಂಚು ಈ ಕಡೆ ಒತ್ತಿದ ಕೈ ಇದು. ತಲೆ ನೀಲಿ ಅನ್ನುತ್ತದೆ, ಹೆಬ್ಬೆರಳು ಹೋಗಿ ಬಿಡಿಸಿಬಿಡುತ್ತದೆ. ಒಂದು ಇಡೀ ಸಾಲನ್ನು ಹಾಗೇ ಬಿಡಿಸಿ ಒತ್ತಿ, ಆರಿಸಿ, ಆಹಾ ಅಂತ ನೋಡಿದ ಮೇಲೆ ನೆನಪಾಯಿತು. ಮತ್ತೆ ಮಡಚಿ ಒತ್ತಿದೆ. ಈಗ ಆ ಸಾಲಿನಲ್ಲಿ ಎರಡು ಗೆರೆ ಬಿದ್ದಿದೆ. ಬಿಡಿಸಿ ಒತ್ತಿದರೆ ಏನು ತಪ್ಪು ಅಂತಲೂ ಬರಿ. ಕಾರಣ ಗೊತ್ತಾದರೆ ಹೆಬ್ಬೆರಳಿಗೆ ಬುದ್ಧಿ ಹೇಳಬಹುದು.

ನಿನ್ನ ಅತ್ತೆಯ ಮಂಡಿ ಇದೆ. ಅವಳು ನಿನ್ನ ಬಗ್ಗೆ ಏನೂ ಮಾತಾಡುವುದಿಲ್ಲ, ಆದರೆ ಅಂಗಡಿಗೆ ಎರಡು ಲೋಟ ಕಾಫಿ ಕಳಿಸುವುದನ್ನು ಬಿಟ್ಟಿಲ್ಲ. ಎರಡನ್ನೂ ನಾನೇ ಕುಡಿದು ನಿದ್ದೆ ಕೆಟ್ಟು ಕೂತಿದ್ದೇನೆ. ಸಾಯಂಕಾಲ ನಾಲ್ಕು ಗಂಟೆಗೆ ನೀನು ಒದ್ದೆ ಬಟ್ಟೆ ಮೇಲೆ ಪೆಟ್ಟಿಗೆ ಇಟ್ಟಾಗ ಚುಯ್ ಅಂತ ಹಬೆ ಎದ್ದು ಒಂದು ವಾಸನೆ ಬರುತ್ತಿತ್ತಲ್ಲ, ಗಂಜಿಯ ವಾಸನೆ, ಅದು ಈಗ ನಾನು ಒತ್ತಿದರೂ ಬರುತ್ತದೆ. ಬಂದಾಗ ತಿರುಗಿ ನೋಡುತ್ತೇನೆ. ಸ್ಟೂಲಿನ ಮೇಲೆ ಚಲುವಮ್ಮ ಕೂತಿರುತ್ತಾಳೆ. ಅವಳಿಗೆ ಬೇಜಾರು, ಯಾಕಪ್ಪಾ ನನ್ನ ಮುಖ ನೋಡಿದರೆ ನಿನ್ನ ಮುಖ ಇಳಿಯುತ್ತೆ ಅಂತ.

ಶಿವು ಸ್ವಲ್ಪ ಮೆತ್ತಗಾಗಿದ್ದಾನೆ. ಗೂಡ್ಸ್ ಆಟೋ ಬಾಡಿಗೆ ಮುಗಿಸಿ ನೇರ ಮನೆಗೆ ಬರುತ್ತಾನೆ. ದಸರಾಕ್ಕೆ ಏನಾದರೂ ರಜ ಇದೆಯಾ ನಿಮಗೆ? ಸುಮ್ಮನೆ ಕೇಳಿದೆ.

ನಿನ್ನ ಮಾವ


ಹಾಸನ
4 ಆಗಸ್ಟ್ 2024

ಮಾವನವರಿಗೆ ಶರಣು.

ಬಿಡಿಸಿ ಒತ್ತಿದರೆ ಎರಡು ಬಟ್ಟೆಯ ನಡುವೆ ಬರೀ ನೂಲು ಉಳಿಯುತ್ತದೆ. ಪ್ಯಾಂಟಿಗೆ ನಡೆಯುತ್ತದೆ. ಕೌದಿಯನ್ನು ದಿನಾ ಹೊದೆಯುತ್ತಾರೆ, ಎಳೆದಾಡುತ್ತಾರೆ, ಕಲ್ಲಿನ ಮೇಲೆ ಒಗೆಯುತ್ತಾರೆ. ನೂಲೊಂದೇ ಆ ಭಾರ ಹೊರುವುದಿಲ್ಲ. ಒಂದು ಕಡೆಗೆ ಮಲಗಿಸಿದರೆ ಅಂಚು ಎರಡೂ ಸೇರಿ ನೂಲಿಗೆ ಆಸರೆ ಆಗುತ್ತವೆ. ನೀಲಿ ಕಡೆಗೇ ಯಾಕೆ ಅಂದರೆ, ಬಿಳಿ ಕಡೆಗೆ ಮಲಗಿಸಿದರೆ ನೀಲಿ ಅಂಚು ಬಿಳಿಯ ಕೆಳಗಿಂದ ಕಾಣುತ್ತದೆ, ಕೊಳೆ ಗೆರೆಯ ಹಾಗೆ. ನೀಲಿಯ ಕೆಳಗೆ ಏನಿದ್ದರೂ ಕಾಣುವುದಿಲ್ಲ.

ಎರಡು ಗೆರೆ ಬಿದ್ದ ಸಾಲಿಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಿ. ಪೂರ್ತಿ ಹೋಗುವುದಿಲ್ಲ. ಒಗೆದ ಮೇಲೆ ಹೋಗಬಹುದು.

ದಸರಾದ ಬಗ್ಗೆ ಕೇಳಿದ್ದೀರಿ. ಸುಮ್ಮನೆ ಕೇಳಲಿಲ್ಲ ಅಂತ ಗೊತ್ತು, ಅದಕ್ಕೆ ನಾನೂ ಸುಮ್ಮನೆ ಉತ್ತರ ಕೊಡುವುದಿಲ್ಲ. ಯುಗಾದಿಯ ಮಾರನೇ ದಿನ ಅಂಗಡಿ ಮುಂದೆ, ಗಿರಾಕಿಗಳ ಎದುರಿಗೆ ನಿಮ್ಮ ಮಗ ನನ್ನ ಕೆನ್ನೆಗೆ ಹೊಡೆದದ್ದು ಮೊದಲನೇ ಸಲ ಅಲ್ಲ. ಮೊದಲಿನವೆಲ್ಲ ಬಾಗಿಲ ಒಳಗೆ ಆದವು. ನಿಮಗೆ ಗೊತ್ತಿರಲಿಲ್ಲ, ನಾನು ಗೊತ್ತಾಗಲು ಬಿಟ್ಟಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಬಂದರೆ ನೀವು ಏನಾದರೂ ಹೇಳಿ ನಗಿಸುತ್ತಿದ್ದಿರಿ. ಅದನ್ನು ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಇಲ್ಲಿ ಟೇಬಲ್ಲಿನಲ್ಲಿ ಯಾರೂ ಮಾತಾಡುವುದಿಲ್ಲ. ಹಬೆಯ ಸದ್ದು ಅಷ್ಟೇ. ಅಂಗಡಿ ನೆನಪಾಗುತ್ತದೆ, ಮಾವ. ತುಂಬಾ ನೆನಪಾಗುತ್ತದೆ.

ಅವರು ಮೆತ್ತಗಾಗಿದ್ದಾರೆ ಅಂತ ಬರೆದಿದ್ದೀರಿ. ಅವರು ಹೇಳಿದರೆ ನಾನು ನಂಬುವುದಿಲ್ಲ. ನಮ್ಮ ಅವ್ವ ಹೇಳಿದರೂ ನಂಬುವುದಿಲ್ಲ. ನೀವು ಚೆನ್ನಾಗಿ ನೋಡಿ, ನಿಜವಾಗಿ ಬದಲಾಗಿದ್ದಾರೆ, ಬಾ ಅಂದರೆ ನಾನು ಬರುತ್ತೇನೆ. ಬೇಡ ಅಂದರೆ ಇಲ್ಲ. ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೇನೆ.

ಐಶ್ವರ್ಯ


ಕುಂಬಾರಕೊಪ್ಪಲು
15 ಸೆಪ್ಟೆಂಬರ್ 2024

ಐಶುಗೆ ಆಶೀರ್ವಾದ.

ಉತ್ತರ ತಡವಾಯಿತು. ಗೌರಿ ಹಬ್ಬಕ್ಕೆ ಬ್ಲೌಸುಗಳ ಮಳೆ ಅಂತ ಸುಳ್ಳು ಬರೆಯಬಹುದು. ನಾನು ಬ್ಲೌಸ್ ಹೊಲಿಯುವುದಿಲ್ಲ ಅಂತ ನಿನಗೆ ಗೊತ್ತಿರುವುದರಿಂದ ಬರೆಯುತ್ತಿಲ್ಲ.

ನಿನ್ನ ಕಾಗದ ಓದಿದ ದಿನ ಒಂದು ಪ್ಯಾಂಟಿನ ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟೆ. ಆ ಗಿರಾಕಿ ಒಳ್ಳೆಯವನು, ಇದು ಲಂಗವಾ ಸ್ವಾಮಿ ಅಂತ ಮಾತ್ರ ಕೇಳಿದ.

ನಾನು ಶಿವುವನ್ನು ನೋಡುತ್ತಿದ್ದೇನೆ, ಐಶು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡುತ್ತಿದ್ದೇನೆ. ಭಾನುವಾರ ಅಂಗಡಿಗೆ ಬಾ ಅಂದೆ, ಬಂದ. ಕೌದಿ ನೋಡಿ ಅವಳದ್ದಾ ಅಂತ ಕೇಳಿದ, ಹೂಂ ಅಂದೆ. ಪೆಟ್ಟಿಗೆ ಕೊಟ್ಟೆ. ಇಡು, ಎತ್ತು ಅಂತ ನೀನು ಹೇಳಿಕೊಟ್ಟದ್ದನ್ನೇ ನಾನು ಕಂಡುಹಿಡಿದವನ ಹಾಗೆ ಹೇಳಿಕೊಟ್ಟೆ. ನಾಲ್ಕು ಭಾನುವಾರ ಬಂದು ಒತ್ತಿಕೊಟ್ಟಿದ್ದಾನೆ. ಮೊನ್ನೆ ನನ್ನ ಒಂದು ಮಾತಿಗೆ ನಕ್ಕ. ಚಿಕ್ಕವನಿದ್ದಾಗ ನಗುತ್ತಿದ್ದನಲ್ಲ, ಹೊಟ್ಟೆ ಹಿಡಿದುಕೊಂಡು, ಹಾಗೆ. ನೀನು ಆ ನಗು ನೋಡಿಲ್ಲ, ನಿನಗೆ ಹೇಗೆ ಹೇಳಲಿ.

ಅವತ್ತೇ ಬಾ ಅಂತ ಬರೆಯಲು ಕೂತೆ. ಸ್ಟೂಲಿನ ಕಾಲು ಅಲ್ಲಾಡುತ್ತಿತ್ತು, ಅದಕ್ಕೆ ಮೊಳೆ ಹೊಡೆಸಿದೆ. ಇಸ್ತ್ರಿ ಟೇಬಲ್ಲಿಗೆ ಹೊಸ ಕಂಬಳಿ ಹಾಸಿದೆ. ಆಮೇಲೆ ನೀನು ಬರೆದದ್ದು ನೆನಪಾಯಿತು, ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೇನೆ ಅಂತ. ಜೀವನದಲ್ಲಿ ನನ್ನ ಮಾತಿನ ಮೇಲೆ ಯಾರೂ ಏನನ್ನೂ ಬಿಟ್ಟಿಲ್ಲ ಕಣವ್ವ. ದೀಪಾವಳಿಗೆ ಹೊಲಿದುಕೊಡುತ್ತೇನೆ ಅಂದರೆ ಸಂಕ್ರಾಂತಿ ಅಂತ ತಿಳಿದುಕೊಳ್ಳುವ ಜನ ಇವರು. ಅದಕ್ಕೆ ಭಯ ಆಗುತ್ತಿದೆ. ದಸರಾ ಹಬ್ಬ ಕಳೆಯಲಿ. ಹಬ್ಬದಲ್ಲಿ ಮನುಷ್ಯ ಹೇಗಿರುತ್ತಾನೆ ನೋಡಿ ಬರೆಯುತ್ತೇನೆ.

ಕೌದಿಯ ಮೂಲೆಗಳು ಈಗ ಕೂಡುತ್ತಿವೆ. ಬೆರಳಿಗೆ ಗೊತ್ತಾಗುತ್ತದೆ ಅಂದೆಯಲ್ಲ, ಗೊತ್ತಾಯಿತು.

ನಿನ್ನ ಮಾವ


ಕುಂಬಾರಕೊಪ್ಪಲು
13 ಅಕ್ಟೋಬರ್ 2024

ಐಶು,

ಮೊನ್ನೆ ಆಯುಧಪೂಜೆ. ಶಿವು ಬೆಳಿಗ್ಗೆಯೇ ಗೂಡ್ಸ್ ಆಟೋ ತೊಳೆದು ಅಂಗಡಿ ಮುಂದೆ ನಿಲ್ಲಿಸಿದ. ಮಿಷನ್ನಿಗೆ, ಕತ್ತರಿಗೆ, ಇಸ್ತ್ರಿ ಪೆಟ್ಟಿಗೆಗೆ ವಿಭೂತಿ ಹಚ್ಚಿ ಹೂವು ಇಟ್ಟೆವು. ನಿನ್ನ ಅತ್ತೆ ತಟ್ಟೆಯಲ್ಲಿ ಕಡ್ಲೆಪುರಿ, ಬಾಳೆಹಣ್ಣು ಹಿಡಿದು ನಿಂತಿದ್ದಳು. ಅವನು ಕುಂಬಳಕಾಯಿ ಒಡೆದ, ನನ್ನ ಕಾಲಿಗೆ ನಮಸ್ಕಾರ ಮಾಡಿದ. ಹೊಸ ಶರ್ಟು ಹಾಕಿದ್ದ. ನನ್ನ ಮನಸ್ಸಿನಲ್ಲಿ ನಿನಗೆ ಕಾಗದ ಬರೆದೂ ಆಗಿತ್ತು, ಬಸ್ ಸ್ಟ್ಯಾಂಡಿಗೆ ಕರೆಯಲು ಬಂದೂ ಆಗಿತ್ತು.

ಚೆಂಡುಹೂವಿನ ಹಾರವನ್ನು ಶಟರಿನ ಕೊಕ್ಕೆಗೆ ಹಾಕಲು ಅವನು ಕೈ ಮೇಲೆತ್ತಿದ. ಅಷ್ಟೇ ಅವನು ಮಾಡಿದ್ದು. ಪಕ್ಕದಲ್ಲಿ ನಿಂತಿದ್ದ ನಿನ್ನ ಅತ್ತೆ ತಲೆ ತಗ್ಗಿಸಿ, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ತಟ್ಟೆ ಬಿತ್ತು. ಪುರಿಯೆಲ್ಲ ರಸ್ತೆಗೆ ಹಾರಿತು. ಅವನು ಹಾರ ಹಾಕಿ ಕೆಳಗೆ ನೋಡಿ, ಏನವ್ವಾ ನೀನು ಅಂದ. ನಾನು ಏನೋ ತಮಾಷೆ ಮಾಡಲು ಬಾಯಿ ತೆಗೆದೆ. ಬರಲಿಲ್ಲ.

ಅವನು ಗಾಡಿ ತೆಗೆದುಕೊಂಡು ಹೋದ ಮೇಲೆ ಕೇಳಿದೆ. ಸುಮ್ಮನೆ, ಹಾರ ಮೈಮೇಲೆ ಬೀಳುತ್ತೇನೋ ಅಂತ ಅಂದಳು. ಮತ್ತೆ ಕೇಳಿದೆ. ಪುರಿ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸದೆ, ನನ್ನ ಮುಖ ನೋಡದೆ ಹೇಳಿದಳು.

"ಅವ್ಳಿದ್ದಾಗ ನನ್ ಮೇಲೆ ಬತ್ತಿರ್ನಿಲ್ಲ ಕಣ್ರೀ. ಈಗ ಮನೇಲಿ ಇನ್ಯಾರವ್ರೆ."

ನಾನು ಅಂಗಡಿಯಲ್ಲಿ ಕೂತು ಅವನನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅವನು ಮನೆಯೊಳಗೆ ಇದನ್ನು ಮಾಡುತ್ತಿದ್ದ. ಅವಳಿಗೆ ನಾಚಿಕೆ, ನನಗೆ ಹೇಳಲು. ಹೇಳಿದ್ದರೆ ನೀವು ನಗುವುದನ್ನು ಬಿಟ್ಟುಬಿಡುತ್ತಿದ್ದಿರಿ ಅಂದಳು. ನೀನೂ ಅದನ್ನೇ ಬರೆದಿದ್ದೆ.

ಮೂರು ದಿನದಿಂದ ಈ ಕಾಗದ ಬರೆಯುತ್ತಿದ್ದೇನೆ. ಒಳಗೆ ಒಬ್ಬ ಕಳ್ಳ ಕೂತು ಹೇಳುತ್ತಾನೆ, ಬಾ ಅಂತ ಬರಿ, ಬರುತ್ತಾಳೆ, ಸ್ಟೂಲಿನ ಮೇಲೆ ಕೂರುತ್ತಾಳೆ, ನಾಲ್ಕು ಗಂಟೆಗೆ ಹಬೆ ಏಳುತ್ತದೆ, ಹೆಂಡತಿಗೂ ಏಟು ತಪ್ಪುತ್ತದೆ ಅಂತ. ಅವನ ಮಾತು ಸಿಹಿಯಾಗಿದೆ. ಅವನಿಗೆ ನಾನು ಬಹಳ ಹೊತ್ತು ಕಿವಿ ಕೊಟ್ಟೆ.

ಬರಬೇಡ, ಐಶು.

ದೀಪಾವಳಿಗೂ ಬೇಡ, ಸಂಕ್ರಾಂತಿಗೂ ಬೇಡ. ನಾನು ಇನ್ನೊಂದು ಕಾಗದದಲ್ಲಿ ಬಾ ಅಂತ ಬರೆದರೂ ಬರಬೇಡ. ನಾನು ನಿನ್ನನ್ನು ಬಹಳ ನೆನೆಸಿಕೊಳ್ಳುತ್ತೇನೆ, ಅದಕ್ಕೆ ನನ್ನ ಮಾತನ್ನು ಪೂರ್ತಿ ನಂಬಬೇಡ. ಈ ಒಂದು ಮಾತನ್ನು ಮಾತ್ರ ನಂಬು.

ಸಿದ್ದಲಿಂಗಸ್ವಾಮಿ


ಹಾಸನ
20 ಅಕ್ಟೋಬರ್ 2024

ಮಾವನವರಿಗೆ ಶರಣು.

ನಾನು ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದೆ. ನಿಮ್ಮ ಕಾಗದದಲ್ಲಿ ಬಾ ಅಂತಲೇ ಇರುತ್ತದೆ ಅಂದುಕೊಂಡಿದ್ದೆ. ಓದಿದ ಮೇಲೆ ಒಂದೊಂದೇ ಸೀರೆ ತೆಗೆದು ಮತ್ತೆ ಇಸ್ತ್ರಿ ಮಾಡಿ ಇಟ್ಟೆ. ಅಳು ಬಂತು. ಬೇಡ ಅಂದಿರಿ ಅಂತ ಅಲ್ಲ. ಅದನ್ನು ಬರೆಯಲು ನಿಮಗೆ ಎಷ್ಟು ಕಷ್ಟ ಆಗಿರಬೇಕು ಅಂತ.

ಹಾಸ್ಟೆಲ್ ಬಿಡುತ್ತಿದ್ದೇನೆ. ನನ್ನ ಜೊತೆ ಟೇಬಲ್ಲಿನಲ್ಲಿರುವ ಪುಟ್ಟಲಿಂಗಮ್ಮ ಅನ್ನುವವರ ಮನೆ ಹಿಂಭಾಗದಲ್ಲಿ ಒಂದು ರೂಮು, ಒಂದು ಅಡಿಗೆಮನೆ ಖಾಲಿ ಇದೆ. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಹಿಡಿದಿದ್ದೇನೆ.

ಅತ್ತೆಯವರನ್ನು ಇಲ್ಲಿಗೆ ಕಳಿಸಿ. ಒಂದು ವಾರಕ್ಕೆ, ಎರಡು ವಾರಕ್ಕೆ ಅಂತ ಹೇಳಿ ಕಳಿಸಿ. ಆಮೇಲಿನದು ನನಗೆ ಬಿಡಿ. ಸೊಸೆ ಮನೆ ಬಿಟ್ಟು ಹೋದಳು, ಅವಳ ಹತ್ತಿರ ಅತ್ತೆ ಹೋಗಿ ಇರುವುದಾ ಅಂತ ಅವರು ಹಿಂಜರಿಯುತ್ತಾರೆ. ಮಂಡಿ ನೋವಿಗೆ ಇಲ್ಲಿ ಒಳ್ಳೆ ಡಾಕ್ಟರ್ ಇದ್ದಾರೆ ಅನ್ನಿ.

ನೀವೂ ಬನ್ನಿ. ಜಾಗ ಚಿಕ್ಕದು, ಆದರೆ ಮಿಷನ್ ಇಡಲು ಕಿಟಕಿ ಹತ್ತಿರ ಬೆಳಕಿದೆ. ನಾನು ಅಳತೆ ತೆಗೆದು ನೋಡಿದೆ.

ನಿಮ್ಮ ಐಶು


ಕುಂಬಾರಕೊಪ್ಪಲು
10 ನವೆಂಬರ್ 2024

ಐಶುಗೆ ಮಾವನ ಆಶೀರ್ವಾದ.

ಈ ಕಾಗದಕ್ಕಿಂತ ಮುಂಚೆ ನಿನ್ನ ಅತ್ತೆ ಬಂದು ತಲುಪಿರುತ್ತಾಳೆ. ಗಂಟು ಹಿಡಿದು ನಿನ್ನ ಎದುರಿಗೆ ನಿಂತ ಬಸವಮ್ಮನಿಗಿಂತ ಅಂಚೆಯವನು ನಿಧಾನ. ಹಾಸನದ ಬಸ್ಸಿಗೆ ನಾನೇ ಕೂರಿಸಿದೆ. ಮದುವೆಯಾದ ಮೇಲೆ ಒಬ್ಬಳೇ ಬಸ್ ಹತ್ತಿದ್ದು ಇದೇ ಮೊದಲು. ಕಂಡಕ್ಟರಿಗೆ ಮೂರು ಸಲ ಹೇಳಿದೆ, ಹಾಸನದಲ್ಲಿ ಇಳಿಸಪ್ಪ ಅಂತ. ಬಸ್ಸು ಹಾಸನದಿಂದ ಮುಂದಕ್ಕೆ ಹೋಗಲ್ಲ ಸಾರ್ ಅಂದ.

ಕೌದಿಯನ್ನು ಗಂಟಿನಲ್ಲಿ ಕಟ್ಟಿದ್ದೇನೆ. ಮೇಲಿನ ಹೊದಿಕೆ ಮುಗಿದಿದೆ, ಒಳಗೆ ಹಳೆ ಸೀರೆ ಹಾಸಿ ಹೊಲಿಯುವುದು ಬಾಕಿ. ಅದನ್ನು ನೀವಿಬ್ಬರೂ ಕೂತು ಮಾಡಿ. ಎರಡು ಗೆರೆ ಬಿದ್ದ ಸಾಲನ್ನು ಕಾಲಿನ ಕಡೆಗೆ ಹಾಕಿದ್ದೇನೆ.

ಶಿವುಗೆ ಎಲ್ಲ ಹೇಳಿದೆ. ಅಂಗಡಿಯಲ್ಲಿ, ಶಟರ್ ತೆಗೆದಿಟ್ಟುಕೊಂಡು, ಹಗಲು ಹೊತ್ತಿನಲ್ಲಿ. ಐಶು ಬರುವುದಿಲ್ಲ, ಬರಬೇಡ ಅಂದವನು ನಾನೇ, ನಿಮ್ಮ ಅವ್ವನೂ ಹೋಗುತ್ತಿದ್ದಾಳೆ ಅಂದೆ. ಎಲ್ಲಿಗೆ ಅಂದ. ಹೇಳಲ್ಲ ಅಂದೆ. ನನ್ನ ಮೇಲೂ ಕೈ ಎತ್ತಿದ. ಎತ್ತಿದಾಗ ಶರ್ಟಿನ ಕಂಕುಳ ಹೊಲಿಗೆ ಬಿಟ್ಟಿರುವುದು ಕಾಣಿಸಿತು.

"ಕೊಡು ಮಗ ಹೊಲ್ಕೊಡ್ತೀನಿ, ಹಬ್ಬದ್ ಶರ್ಟು ಹರ್ದೋಗದೆ" ಅಂದೆ.

ತಮಾಷೆಗೆ ಹೇಳಲಿಲ್ಲ. ಕಂಡದ್ದು ಹೇಳಿದೆ. ಅವನು ಕೈ ಇಳಿಸಿ ಹೊರಟುಹೋದ. ಮಾರನೇ ದಿನ ಬಂದು ನೋಡಿದರೆ ಆ ಶರ್ಟು ಮಿಷನ್ ಮೇಲಿತ್ತು. ಹೊಲಿದುಕೊಟ್ಟೆ. ಹೊಲಿದುಕೊಟ್ಟೆ ಅಂತ ನೀನು ಬೇಜಾರು ಮಾಡಿಕೊಳ್ಳಬೇಡ. ಮಗ ಅವನು.

ನೀವೂ ಬನ್ನಿ ಅಂತ ಬರೆದಿದ್ದೀಯ. ಕಿಟಕಿಯ ಅಳತೆ ತೆಗೆದೆ ಅಂದದ್ದನ್ನು ಓದಿ ಬಟನ್ ಡಬ್ಬ ಮುಚ್ಚಿಟ್ಟು ಹೊರಗೆ ಹೋಗಿ ಚಲುವಮ್ಮನ ಪಕ್ಕ ಕೂತೆ. ನಾನೂ ಅಂಗಡಿ ಮುಚ್ಚಿಕೊಂಡು ಬಂದರೆ ಅವನು ಮೂವರನ್ನೂ ಹುಡುಕಿಕೊಂಡು ಬರುತ್ತಾನೆ. ಒಬ್ಬ ಇಲ್ಲೇ ಇದ್ದರೆ ಅವನ ಕಣ್ಣು ಇಲ್ಲೇ ಇರುತ್ತದೆ. ಮತ್ತೆ ನಾನು ಈಗ ಒಂದೇ ಲೋಟ ಕಾಫಿ ಕುಡಿದು ಅಭ್ಯಾಸ ಮಾಡಿಕೊಳ್ಳಬೇಕು. ಅದನ್ನೂ ಮಾಡಿಕೊಡುವವರು ಯಾರೂ ಇಲ್ಲ ಅನ್ನುವುದು ಬೇರೆ ಮಾತು.

ನಿನ್ನ ಅತ್ತೆ ರಾತ್ರಿ ಯಾರಾದರೂ ಸರಿದಾಡಿದರೆ ಬೆಚ್ಚಿ ಏಳುತ್ತಾಳೆ. ಗೋಡೆ ಕಡೆ ಮಲಗಿಸು. ನೀನು ಈ ಕಡೆ ಮಲಗು. ಅವಳು ಏನೂ ಕೇಳುವುದಿಲ್ಲ, ನೀನೇ ಕೇಳಿ ಕೇಳಿ ಬಡಿಸು. ಒಂದು ತಿಂಗಳಾದ ಮೇಲೆ ನಿಧಾನವಾಗಿ ಜಗಳ ಆಡಲು ಶುರು ಮಾಡುತ್ತಾಳೆ. ಅವತ್ತು ನನಗೊಂದು ಕಾಗದ ಬರಿ, ಚೆನ್ನಾಗಾದಳು ಅಂತ.

ಬಸ್ಸು ತಿರುಗುವವರೆಗೂ ಅವಳು ಕಿಟಕಿಯಿಂದ ಏನೋ ಹೇಳುತ್ತಿದ್ದಳು. ಸದ್ದಿನಲ್ಲಿ ಕೇಳಿಸಲಿಲ್ಲ, ಹೂಂ ಹೂಂ ಅಂತ ತಲೆ ಆಡಿಸಿದೆ. ಮನೆಗೆ ಬಂದು ಒಲೆ ಮುಂದೆ ನಿಂತ ಮೇಲೆ ಗೊತ್ತಾಯಿತು ಅದೇನಿರಬಹುದು ಅಂತ. ಒಂದು ಪಾವು ಅಕ್ಕಿಗೆ ನೀರು ಎಷ್ಟು ಇಡಬೇಕು ಅಂತ ಅವಳನ್ನು ಕೇಳಿ ಬರಿ. ಬೇಗ ಬರಿ. ಅದು ಗೊತ್ತಾದ ಮೇಲೆ ಸಾರಿನ ವಿಷಯ ಕೇಳುವುದಿದೆ.

ಇಂತಿ,
ನಿಮ್ಮಿಬ್ಬರ
ಸಿದ್ದಲಿಂಗಸ್ವಾಮಿ